ತಾಮ್ರಕ್ಕೆ ಎಷ್ಟು ನೆರೆ? ಕ್ಯುಪ್ರಸ್ ಬ್ರೋಮೈಡಿನ ಆಕಾರದ ಪ್ರಶ್ನೆ, ಗೋಥೆನ್‌ಬರ್ಗ್ ಕೊಟ್ಟ ಉತ್ತರ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮೈಲುತುತ್ತದ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಅದನ್ನು ಸುಣ್ಣದ ಜೊತೆ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಗೊನೆಗಳಿಗೆ ಹೊಡೆಯುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಪ್ರಕಟಿಸಿದ ಅಧ್ಯಯನ ಈ ಪದ್ಧತಿಗೆ ಬುನಾದಿ ಹಾಕಿತು. ಅದೇ ಮೈಲುತುತ್ತದಿಂದ, ಅಂದರೆ ತಾಮ್ರದ ಸಲ್ಫೇಟಿನಿಂದ, ಇನ್ನೊಂದು ವಸ್ತುವನ್ನೂ ತಯಾರಿಸಬಹುದು. ಅದು ಬಿಳಿ ಬಣ್ಣದ, ನೀರಿನಲ್ಲಿ ಕರಗದ ಪುಡಿ. ಗಾಳಿಗೆ ಬಿಟ್ಟರೆ ಮೆಲ್ಲಗೆ ಹಸಿರಾಗುತ್ತದೆ. ಅದರ ಹೆಸರು ಕ್ಯುಪ್ರಸ್ ಬ್ರೋಮೈಡ್. ಒಂದು ತಾಮ್ರಕ್ಕೆ ಒಂದು ಬ್ರೋಮಿನ್. ಸೂತ್ರ ಇಷ್ಟು ಸರಳವಾದರೂ ಈ ಸಂಯುಕ್ತ ಎತ್ತಿದ ಪ್ರಶ್ನೆ ಸರಳವಲ್ಲ.

ಕ್ಯುಪ್ರಸ್ ಬ್ರೋಮೈಡನ್ನು ಇನ್ನಷ್ಟು ಬ್ರೋಮೈಡಿನ ಜೊತೆ ಕರಗಿಸಿ ಹರಳು ಕಟ್ಟಿಸಿದರೆ, ಒಮ್ಮೆ ತಾಮ್ರದ ಎರಡು ಬದಿಗೆ ಎರಡು ಬ್ರೋಮೈಡ್‌ಗಳು ನೆಟ್ಟಗೆ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಇನ್ನೊಮ್ಮೆ ಮೂರು ಸೇರಿ ತ್ರಿಕೋನವಾಗುತ್ತದೆ. ಮತ್ತೊಮ್ಮೆ ನಾಲ್ಕು ಸೇರಿ ಚತುರ್ಮುಖವಾಗುತ್ತದೆ. ತಾಮ್ರವೂ ಅದೇ, ಬ್ರೋಮೈಡೂ ಅದೇ. ಹಾಗಿದ್ದರೆ ತನ್ನ ಸುತ್ತ ಎಷ್ಟು ನೆರೆ ಇರಬೇಕೆಂದು ತಾಮ್ರ ಹೇಗೆ ನಿರ್ಧರಿಸುತ್ತದೆ? ಸ್ವೀಡನ್ನಿನ ಪಶ್ಚಿಮ ಕರಾವಳಿಯ ಗೋಥೆನ್‌ಬರ್ಗ್ ನಗರದಲ್ಲಿ ಒಂದು ಸಂಶೋಧನಾ ತಂಡ 1980ರ ದಶಕವನ್ನು ಬಹುಪಾಲು ಈ ಪ್ರಶ್ನೆಗೇ ಮೀಸಲಿಟ್ಟಿತು. ಅವರು ಕೊಟ್ಟ ಉತ್ತರ, ಅದಕ್ಕೆ ಎದುರಾಗಿ ಅಥವಾ ಪೂರಕವಾಗಿ ನಿಂತ ಬೇರೆ ಉತ್ತರಗಳು, ಇನ್ನೂ ತೀರ್ಮಾನವಾಗದೆ ಉಳಿದಿರುವ ಅಂಶಗಳು ಈ ಲೇಖನದ ವಿಷಯ.

ತಯಾರಿಸುವ ಬಗೆ

ಮೈಲುತುತ್ತವನ್ನೂ ಸೋಡಿಯಂ ಬ್ರೋಮೈಡನ್ನೂ ಬಿಸಿನೀರಿನಲ್ಲಿ ಕರಗಿಸಿದಾಗ ದ್ರಾವಣ ಹಸಿರು ಛಾಯೆಗೆ ತಿರುಗುತ್ತದೆ. ಅದಕ್ಕೆ ಸೋಡಿಯಂ ಸಲ್ಫೈಟನ್ನು ನಿಧಾನವಾಗಿ ಸೇರಿಸಬೇಕು, ಇಲ್ಲವೇ ಗಂಧಕದ ಡೈಆಕ್ಸೈಡ್ ಅನಿಲವನ್ನು ಹಾಯಿಸಬೇಕು. ಎರಡು ಎಲೆಕ್ಟ್ರಾನ್ ಕಳೆದುಕೊಂಡಿದ್ದ ತಾಮ್ರ ಒಂದನ್ನು ಮರಳಿ ಪಡೆಯುತ್ತದೆ. ಬಣ್ಣ ಮಾಸುತ್ತದೆ, ಬಿಳಿ ಒತ್ತರ ತಳಕ್ಕೆ ಇಳಿಯುತ್ತದೆ. ಗಂಧಕದ ಡೈಆಕ್ಸೈಡ್ ಬೆರೆತ ನೀರು, ಆಮೇಲೆ ಆಲ್ಕೊಹಾಲ್, ಕೊನೆಗೆ ಈಥರ್ ಬಳಸಿ ತೊಳೆದು ನಿರ್ವಾತದಲ್ಲಿ ಒಣಗಿಸುತ್ತಾರೆ. ಇನ್ನೊಂದು ದಾರಿಯೂ ಇದೆ. ಕಪ್ಪು ಬಣ್ಣದ ಕ್ಯುಪ್ರಿಕ್ ಬ್ರೋಮೈಡನ್ನು ಕಾಯಿಸಿದರೆ ಅದು ಅರ್ಧ ಬ್ರೋಮಿನ್ ಬಿಟ್ಟುಕೊಟ್ಟು ಕ್ಯುಪ್ರಸ್ ಆಗುತ್ತದೆ.

ಶುದ್ಧೀಕರಿಸುವ ಕ್ರಮದ ಬಗ್ಗೆ ತುಸು ಹೆಚ್ಚು ಹೇಳಬೇಕು. ಮುಂದಿನ ಚರ್ಚೆಯ ಬೀಜ ಅಲ್ಲೇ ಇದೆ. ನೀರಿನಲ್ಲಿ ಕರಗದ ಈ ಪುಡಿ ಪೊಟ್ಯಾಸಿಯಂ ಬ್ರೋಮೈಡಿನ ಗಾಢ ದ್ರಾವಣದಲ್ಲಿ ಸಲೀಸಾಗಿ ಕರಗುತ್ತದೆ. ಒಂದು ಬ್ರೋಮೈಡಿಗೆ ಅಂಟಿಕೊಂಡಿದ್ದ ತಾಮ್ರ ಹೆಚ್ಚುವರಿಯಾಗಿ ಒಂದೆರಡನ್ನು ಸೇರಿಸಿಕೊಂಡು ಋಣ ಅಯಾನಾಗಿ ದ್ರಾವಣಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಈ ದ್ರಾವಣಕ್ಕೆ ಬರೀ ನೀರು ಸುರಿದು ತೆಳುವಾಗಿಸಿದರೆ ಬಿಳಿ ಪುಡಿ ಮತ್ತೆ ಪ್ರತ್ಯಕ್ಷವಾಗುತ್ತದೆ, ಮೊದಲಿಗಿಂತ ಶುದ್ಧವಾಗಿ. ಅಂದರೆ ಸುತ್ತ ಬ್ರೋಮೈಡ್ ದಂಡಿಯಾಗಿದ್ದರೆ ತಾಮ್ರ ಒಂದು ರೂಪದಲ್ಲಿರುತ್ತದೆ, ಕೊರತೆಯಾದರೆ ಇನ್ನೊಂದು ರೂಪಕ್ಕೆ ಹೋಗುತ್ತದೆ. ದ್ರಾವಣದ ವಿಷಯದಲ್ಲಿ ಇದು ಹಳೆಯ ತಿಳಿವಳಿಕೆ. ಇದೇ ಮಾತು ಗಟ್ಟಿಯಾದ ಹರಳಿಗೂ ಸಲ್ಲುತ್ತದೆಯೇ ಎಂದು ಕೇಳಿದ್ದು ಗೋಥೆನ್‌ಬರ್ಗ್‌ನವರ ಹೆಚ್ಚುಗಾರಿಕೆ.

ಗುಣಗಳು

ಏಕವೇಲೆನ್ಸಿ ತಾಮ್ರದ ಡಿ ಕಕ್ಷಕಗಳಲ್ಲಿ ಹತ್ತು ಎಲೆಕ್ಟ್ರಾನ್‌ಗಳು ಪೂರ್ತಿ ತುಂಬಿರುತ್ತವೆ. ಕ್ಯುಪ್ರಸ್ ಬ್ರೋಮೈಡ್ ಬಿಳಿಯಾಗಿರುವುದಕ್ಕೂ ಅಯಸ್ಕಾಂತದ ಸೆಳೆತಕ್ಕೆ ಒಳಗಾಗದಿರುವುದಕ್ಕೂ ಇದೇ ಕಾರಣ. ಮೈಲುತುತ್ತದ ನೀಲಿಗೆ ಡಿ ಕಕ್ಷಕದಲ್ಲಿ ಒಂದು ಎಲೆಕ್ಟ್ರಾನ್ ಕಡಿಮೆ ಇರುವುದೇ ಮೂಲ, ಇಲ್ಲಿ ಆ ಖಾಲಿ ಜಾಗವಿಲ್ಲ. ಆಕಾರದ ಪ್ರಶ್ನೆ ಹುಟ್ಟುವುದೂ ಇಲ್ಲಿಂದಲೇ. ಕ್ರೋಮಿಯಂ, ನಿಕಲ್ ಮೊದಲಾದ ಸಂಕ್ರಮಣ ಲೋಹಗಳಿಗೆ ಅರೆತುಂಬಿದ ಡಿ ಕಕ್ಷಕಗಳಿಂದಾಗಿ ಇಂಥದೇ ಆಕಾರ ಬೇಕೆಂಬ ಒಲವಿರುತ್ತದೆ. ಪೂರ್ತಿ ತುಂಬಿದ ತಾಮ್ರಕ್ಕೆ ಆ ಒಲವಿಲ್ಲ. ಹೀಗಾಗಿ ಅದರ ಆಕಾರವನ್ನು ಸುತ್ತಲಿನ ಸಣ್ಣಪುಟ್ಟ ಬಲಗಳು ತೀರ್ಮಾನಿಸಬಲ್ಲವು.

ಕ್ಯುಪ್ರಸ್ ಹ್ಯಾಲೈಡುಗಳ ಒಳರಚನೆಯನ್ನು ವೈಕಾಫ್ ಮತ್ತು ಪೊಸ್ನಿಯಾಕ್ 1922ರಲ್ಲಿ ಕ್ಷ-ಕಿರಣದಿಂದ ಪರೀಕ್ಷಿಸಿದರು. ಸಾಮಾನ್ಯ ಉಷ್ಣತೆಯಲ್ಲಿ ಬ್ರೋಮೈಡಿನದು ಸತುವಿನ ಸಲ್ಫೈಡಿನ ಮಾದರಿ: ಪ್ರತಿ ತಾಮ್ರಕ್ಕೆ ನಾಲ್ಕು ಬ್ರೋಮೈಡ್, ಪ್ರತಿ ಬ್ರೋಮೈಡಿಗೆ ನಾಲ್ಕು ತಾಮ್ರ, ನಡುವಿನ ಅಂತರ ಸುಮಾರು 2.46 ಆಂಗ್‌ಸ್ಟ್ರಾಮ್. ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ರಚನೆ ಬದಲಾಗುತ್ತದೆ. 470 ಡಿಗ್ರಿಯ ಆಸುಪಾಸಿನಲ್ಲಿ ಇನ್ನೊಮ್ಮೆ ಬದಲಾಗುತ್ತದೆ. 490 ಡಿಗ್ರಿ ದಾಟುವಷ್ಟರಲ್ಲಿ ಕರಗುತ್ತದೆ. ಕರಗುವ ಮೊದಲಿನ ಆ ಕಿರಿದಾದ ಹಂತದಲ್ಲಿ ಬ್ರೋಮೈಡ್‌ಗಳು ತಮ್ಮ ಜಾಗದಲ್ಲೇ ಉಳಿದು ತಾಮ್ರದ ಅಯಾನುಗಳು ಮಾತ್ರ ದ್ರವದಲ್ಲಿದ್ದಂತೆ ಹರಿದಾಡುತ್ತವೆ. ಘನವಸ್ತುವೇ ವಿದ್ಯುತ್ತನ್ನು ಅಯಾನುಗಳ ಮೂಲಕ ಸಾಗಿಸುತ್ತದೆ. ನೆರೆಗಳ ಸಂಖ್ಯೆಯ ವಿಷಯದಲ್ಲಿ ಈ ತಾಮ್ರ ಎಷ್ಟು ಸಡಿಲವಾಗಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ನಾಲ್ಕು ನೆರೆಗಳ ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಅದು ಮೂರು ನೆರೆಗಳ ಕಿಂಡಿಯನ್ನು ದಾಟಲೇಬೇಕು, ಮತ್ತು ಹೆಚ್ಚು ಕಷ್ಟವಿಲ್ಲದೆ ದಾಟುತ್ತದೆ.

ಗೋಥೆನ್‌ಬರ್ಗ್‌ಗಿಂತ ಮುಂಚೆ

ಲೋಹದ ಬ್ರೋಮೈಡುಗಳ ಒಳಗುಟ್ಟನ್ನು ಹುಡುಕುವ ಪರಂಪರೆ ಸ್ವೀಡನ್ನಿನಲ್ಲಿ ಹಳೆಯದು. ಲುಂಡ್ ನಗರದ ಕ್ರಿಶ್ಚಿಯನ್ ವಿಲ್‌ಹೆಲ್ಮ್ ಬ್ಲೊಮ್‌ಸ್ಟ್ರಾಂಡ್ 1859ರ ಹೊತ್ತಿಗೆ ಮಾಲಿಬ್ಡಿನಮ್ ಬ್ರೋಮೈಡಿನಲ್ಲಿ ಒಂದು ವಿಚಿತ್ರ ಕಂಡಿದ್ದರು. ಅದರ ಬ್ರೋಮಿನ್ನಿನಲ್ಲಿ ಮೂರನೆಯ ಒಂದು ಭಾಗ ಮಾತ್ರ ಸುಲಭವಾಗಿ ಬೇರ್ಪಡುತ್ತಿತ್ತು, ಉಳಿದದ್ದು ಲೋಹವನ್ನು ಬಿಡುತ್ತಿರಲಿಲ್ಲ. ಆರು ಮಾಲಿಬ್ಡಿನಮ್ ಪರಮಾಣುಗಳು ಒಟ್ಟಾಗಿ ಗೊಂಚಲು ಕಟ್ಟಿ, ಎಂಟು ಹ್ಯಾಲೈಡುಗಳು ಅದನ್ನು ಬಿಗಿದಿಡುತ್ತವೆ ಎಂಬ ಚಿತ್ರ ದೊರೆತದ್ದು 1945ರಲ್ಲಿ, ಸಿರಿಲ್ ಬ್ರೊಸೆಟ್ ಅವರು ಇದೇ ಜಾತಿಯ ಕ್ಲೋರೈಡುಗಳ ಮೇಲೆ ಮಾಡಿದ ಕ್ಷ-ಕಿರಣ ಅಧ್ಯಯನದಿಂದ. ಅದಕ್ಕೆ ಹತ್ತು ವರ್ಷ ಮೊದಲೇ, 1935ರಲ್ಲಿ, ಅವರು ಟಂಗ್‌ಸ್ಟನ್ ಕ್ಲೋರೈಡಿನ ಒಂದು ಲವಣದಲ್ಲಿ ಎರಡು ಲೋಹ ಪರಮಾಣುಗಳು ಅಸಾಧಾರಣವಾಗಿ ಹತ್ತಿರವಿರುವುದನ್ನು ತೋರಿಸಿದ್ದರು. ಲೋಹಕ್ಕೂ ಲೋಹಕ್ಕೂ ನೇರ ಬಂಧವಿರಬಹುದೆಂಬ ವಿಚಾರದ ಮೊದಲ ಗಟ್ಟಿ ಪುರಾವೆಗಳಲ್ಲಿ ಅದೊಂದು. ಬ್ರೊಸೆಟ್ ಮುಂದೆ ಗೋಥೆನ್‌ಬರ್ಗ್‌ನಲ್ಲೇ ಕೆಲಸ ಮಾಡಿದರು.

ತಾಮ್ರದ ಕಡೆಗೆ ಬಂದರೆ, 1949ರಲ್ಲಿ ನೆದರ್ಲೆಂಡಿನ ಬ್ರಿಂಕ್ ಮತ್ತು ಮಕ್‌ಗಿಲವ್ರಿ ಪೊಟ್ಯಾಸಿಯಂ ಕ್ಲೋರೋಕ್ಯುಪ್ರೇಟಿನ ರಚನೆ ಬಿಡಿಸಿದರು. ಅಲ್ಲಿ ಚತುರ್ಮುಖಗಳು ತುದಿಗೆ ತುದಿ ಕೂಡಿ ಉದ್ದನೆಯ ಸರಪಳಿಯಾಗಿದ್ದವು. ಸೀಸಿಯಂ ಲವಣಗಳಲ್ಲಿ ಅಂಚಿಗೆ ಅಂಚು ಸೇರಿದ ಜೋಡಿ ಸರಪಳಿ ಸಿಕ್ಕಿತು. ಎಲ್ಲೆಡೆಯೂ ನಾಲ್ಕು ನೆರೆ. ಹೀಗಾಗಿ ತಾಮ್ರಕ್ಕೆ ನಾಲ್ಕೇ ಸಹಜ, ಎರಡು ಮೂರು ಎಂಬುವು ಅಪವಾದ ಎಂಬ ನಂಬಿಕೆ ಬಹಳ ಕಾಲ ನಡೆಯಿತು.

ಚಾಲ್ಮರ್ಸ್‌ನ ಪ್ರಯೋಗಗಳು

ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರವಾಗಿದ್ದದ್ದು ಗೋಥೆನ್‌ಬರ್ಗ್. ಅದರ ನಿರ್ದೇಶಕರಲ್ಲೊಬ್ಬರಾದ ವಿಲಿಯಂ ಚಾಲ್ಮರ್ಸ್ ಬಿಟ್ಟುಹೋದ ಹಣದಿಂದ 1829ರಲ್ಲಿ ಶುರುವಾದ ಶಾಲೆ ಇಂದಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯ. ಮೊದಲ ಮುಖ್ಯಸ್ಥ ಕಾರ್ಲ್ ಪಾಲ್ಮ್‌ಸ್ಟೆಡ್ಟ್ ರಸಾಯನಶಾಸ್ತ್ರಜ್ಞ ಬೆರ್ಸೀಲಿಯಸ್ ಅವರ ಆಪ್ತರಾಗಿದ್ದರು. ಇಲ್ಲಿನ ಅಕಾರ್ಬನಿಕ ರಸಾಯನ ವಿಭಾಗದಲ್ಲಿ ಸುಸಾನ್ ಯಾಗ್ನರ್ ಮತ್ತು ಅವರ ಜೊತೆಗಾರರು ಹ್ಯಾಲೋಕ್ಯುಪ್ರೇಟುಗಳನ್ನು ಸಾಲಾಗಿ ತಯಾರಿಸಿ, ಒಂದೊಂದರ ರಚನೆಯನ್ನೂ ಕ್ಷ-ಕಿರಣದಿಂದ ಬಿಡಿಸಿದರು. ಮ್ಯಾಟ್ಸ್ ಆಸ್ಪ್ಲುಂಡ್, ಸ್ಟೆನ್ ಆಂಡರ್‌ಸನ್, ಗೋರನ್ ಹೆಲ್ಗೆಸನ್ ಈ ಕೆಲಸದಲ್ಲಿ ಪಾಲ್ಗೊಂಡವರು.

ವಿಧಾನ ಸರಳ. ಕ್ಯುಪ್ರಸ್ ಬ್ರೋಮೈಡನ್ನು ಒಂದು ಸಾವಯವ ಬ್ರೋಮೈಡಿನ ಜೊತೆ ಸೂಕ್ತ ದ್ರಾವಕದಲ್ಲಿ, ಗಾಳಿಯ ಆಮ್ಲಜನಕ ತಗುಲದಂತೆ ಕರಗಿಸಿ ನಿಧಾನವಾಗಿ ಹರಳು ಕಟ್ಟಲು ಬಿಡುವುದು. ಪ್ರತಿ ಸಲವೂ ಬದಲಿಸಿದ್ದು ಧನ ಅಯಾನನ್ನು ಮಾತ್ರ. ಸಾರಜನಕದ ಸುತ್ತ ನಾಲ್ಕು ಮೀಥೈಲ್ ಗುಂಪುಗಳಿರುವ ಚಿಕ್ಕ ಅಯಾನು, ನಾಲ್ಕು ಈಥೈಲ್ ಇರುವ ಮಧ್ಯಮದ್ದು, ನಾಲ್ಕು ಬ್ಯೂಟೈಲ್ ಇರುವ ದೊಡ್ಡದು, ರಂಜಕದ ಸುತ್ತ ಫೀನೈಲ್ ಉಂಗುರಗಳಿರುವ ಇನ್ನಷ್ಟು ಭಾರಿಯಾದದ್ದು. ಈ ಧನ ಅಯಾನುಗಳು ತಾಮ್ರಕ್ಕೆ ಅಂಟುವುದಿಲ್ಲ. ಹರಳಿನಲ್ಲಿ ವಿದ್ಯುದಂಶ ಸರಿದೂಗಿಸಲು ಪಕ್ಕದಲ್ಲಿ ನಿಂತಿರುತ್ತವೆ, ಅಷ್ಟೆ. ಆದ್ದರಿಂದ ಅವುಗಳನ್ನು ಬದಲಿಸಿದರೆ ತಾಮ್ರದ ಸ್ಥಿತಿಯಲ್ಲಿ ಏನೂ ಆಗಬಾರದೆಂದು ಯಾರಾದರೂ ಊಹಿಸುವುದು ಸಹಜ.

ಆದದ್ದು ಬೇರೆ. ಟೆಟ್ರಾಬ್ಯೂಟೈಲ್ ಅಮೋನಿಯಂ ಜೊತೆ ಎರಡೇ ಬ್ರೋಮೈಡಿನ ನೇರ ಕಡ್ಡಿಯಂಥ ಅಯಾನು ಸಿಕ್ಕಿತು. ಅದರಲ್ಲಿ ತಾಮ್ರ–ಬ್ರೋಮೈಡ್ ಅಂತರ ಸುಮಾರು 2.2 ಆಂಗ್‌ಸ್ಟ್ರಾಮಿಗೆ ಇಳಿದಿತ್ತು. ನೆರೆ ಕಡಿಮೆಯಾದಷ್ಟೂ ಉಳಿದವು ಹತ್ತಿರ ಬರುತ್ತವೆ. ಟೆಟ್ರಾಈಥೈಲ್ ಅಮೋನಿಯಂ ಜೊತೆ ಎರಡು ತಾಮ್ರ, ನಾಲ್ಕು ಬ್ರೋಮೈಡ್ ಇರುವ ಜೋಡಿ ಅಯಾನು ಬಂತು. ಅದರಲ್ಲಿ ಎರಡು ಬ್ರೋಮೈಡ್‌ಗಳು ಸೇತುವೆಯಂತೆ ನಡುವೆ ನಿಂತು, ಪ್ರತಿ ತಾಮ್ರಕ್ಕೆ ಮೂರು ನೆರೆಗಳಾದವು. ಇನ್ನೂ ಚಿಕ್ಕದಾದ ಟೆಟ್ರಾಮೀಥೈಲ್ ಅಮೋನಿಯಂ ಜೊತೆ ಎರಡು ತಾಮ್ರಕ್ಕೆ ಐದು ಬ್ರೋಮೈಡ್ ಸೇರಿದ ಅಯಾನು ಹರಳಾಯಿತು. ಅತಿ ಚಿಕ್ಕ ಪೊಟ್ಯಾಸಿಯಂ, ಸೀಸಿಯಂ ಕಡೆಗೆ ಹೋದರೆ ಡಚ್ಚರು ಕಂಡಿದ್ದ ನಾಲ್ಕು ನೆರೆಗಳ ಸರಪಳಿಗಳು. ಪಕ್ಕದಲ್ಲಿ ಸುಮ್ಮನೆ ನಿಂತವನ ಗಾತ್ರ ಹೆಚ್ಚಿದಂತೆ ತಾಮ್ರದ ನೆರೆಗಳು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿದವು.

ಗೋಥೆನ್‌ಬರ್ಗ್ ಪಕ್ಷ: ಎಲ್ಲವೂ ಸಾಂದ್ರತೆಯ ಲೆಕ್ಕ

ಯಾಗ್ನರ್ ಮತ್ತು ಹೆಲ್ಗೆಸನ್ 1991ರಲ್ಲಿ ಬರೆದ ದೀರ್ಘ ಸಮೀಕ್ಷೆಯಲ್ಲಿ ತಾಮ್ರದ ಮತ್ತು ಬೆಳ್ಳಿಯ ಇಂಥ ಸಂಯುಕ್ತಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಅವರ ವಾದ ಹೀಗೆ: ಧನ ಅಯಾನು ದೊಡ್ಡದಾದಷ್ಟೂ ಅದರ ಬ್ರೋಮೈಡ್ ಲವಣದ ಒಂದು ನಿಗದಿತ ಗಾತ್ರದಲ್ಲಿರುವ ಬ್ರೋಮೈಡಿನ ಪ್ರಮಾಣ ಕಡಿಮೆ. ಬ್ರೋಮೈಡ್ ವಿರಳವಾದ ಕಡೆ ತಾಮ್ರಕ್ಕೆ ಹೆಚ್ಚು ನೆರೆ ಸಿಗುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಎಲೆಗಳ ನಡುವಿನ ದೂರ ಹೆಚ್ಚಿಸುತ್ತ ಹೋದರೆ ಒಬ್ಬನ ಅಕ್ಕಪಕ್ಕ ಕೈಗೆಟಕುವವರ ಸಂಖ್ಯೆ ಇಳಿಯುವ ಹಾಗೆ.

ಸಾಂದ್ರತೆಯ ಅಂಕಿಗಳನ್ನು ನಾವೇ ಲೆಕ್ಕ ಹಾಕಿ ನೋಡಬಹುದು. ಘನರೂಪದ ಪೊಟ್ಯಾಸಿಯಂ ಬ್ರೋಮೈಡಿನ ಒಂದು ಲೀಟರಿನಷ್ಟು ಗಾತ್ರದಲ್ಲಿ ಸುಮಾರು 23 ಮೋಲ್ ಬ್ರೋಮೈಡ್ ಇರುತ್ತದೆ. ಟೆಟ್ರಾಮೀಥೈಲ್ ಅಮೋನಿಯಂ ಬ್ರೋಮೈಡಿನಲ್ಲಿ ಅದು 10ಕ್ಕೆ ಇಳಿಯುತ್ತದೆ. ಟೆಟ್ರಾಬ್ಯೂಟೈಲ್‌ನಲ್ಲಿ 3ರ ಆಸುಪಾಸು. ಹೆಚ್ಚುಕಡಿಮೆ ಏಳು ಪಟ್ಟು ವ್ಯತ್ಯಾಸ. ಹಿಂದೆ ಹೇಳಿದ ಶುದ್ಧೀಕರಣದಲ್ಲಿ ನೀರು ಸುರಿದು ತೆಳುವಾಗಿಸಿದ ಕೆಲಸವನ್ನೇ ಇಲ್ಲಿ ದೊಡ್ಡ ಅಯಾನು ಮಾಡುತ್ತಿದೆ.

ಸ್ಕ್ಯಾಂಡಿನೇವಿಯಾದ ದ್ರಾವಣ ರಸಾಯನದ ಹಿನ್ನೆಲೆ ಇಲ್ಲದಿದ್ದರೆ ಈ ವಿಚಾರ ಹೊಳೆಯುವುದು ಕಷ್ಟವಿತ್ತೆಂದು ನನಗನ್ನಿಸುತ್ತದೆ. ಕೋಪನ್‌ಹೇಗನ್ನಿನ ಯಾನಿಕ್ ಬ್ಯೆರುಮ್ 1941ರಲ್ಲಿ, ಲೋಹಕ್ಕೆ ನೆರೆಗಳು ಒಂದೊಂದಾಗಿ, ಹಂತಹಂತವಾಗಿ ಸೇರುತ್ತವೆ, ಪ್ರತಿ ಹಂತವೂ ಸಾಂದ್ರತೆಯನ್ನು ಅವಲಂಬಿಸಿದೆ ಎಂದು ಅಳೆದು ತೋರಿಸಿದ್ದರು. ಲುಂಡ್‌ನ ಸ್ಟೆನ್ ಆರ್ಲಾಂಡ್ ಅವರು ಬ್ರಿಟನ್ನಿನ ಚಾಟ್ ಮತ್ತು ಡೇವೀಸ್ ಜೊತೆ ಸೇರಿ 1958ರಲ್ಲಿ, ಯಾವ ಲೋಹ ಯಾವ ಹ್ಯಾಲೈಡನ್ನು ಇಷ್ಟಪಡುತ್ತದೆ ಎಂದು ಲೋಹಗಳನ್ನೇ ಎರಡು ವರ್ಗಗಳಾಗಿ ವಿಂಗಡಿಸಿದ್ದರು. ಏಕವೇಲೆನ್ಸಿ ತಾಮ್ರ ಫ್ಲೋರೈಡಿಗಿಂತ ಬ್ರೋಮೈಡನ್ನೂ ಅಯೋಡೈಡನ್ನೂ ಬಿಗಿಯಾಗಿ ಹಿಡಿಯುವ ವರ್ಗದ್ದು. ಬೀಕರಿನಲ್ಲಿ ಕಲಿತ ಲೆಕ್ಕವನ್ನು ಹರಳಿನ ಒಳಕ್ಕೆ ಒಯ್ದದ್ದು ಗೋಥೆನ್‌ಬರ್ಗ್‌ನವರ ಧೈರ್ಯ.

ಈ ಪಕ್ಷದ ಬಲವೆಂದರೆ ಅದು ಮುಂಚಿತವಾಗಿ ಹೇಳಬಲ್ಲದು. ಕಡ್ಡಿಯಂಥ ಅಯಾನು ಬೇಕೇ, ದೊಡ್ಡ ಧನ ಅಯಾನು ಹಾಕಿ. ಪ್ರಯೋಗಶಾಲೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಇದಕ್ಕಿಂತ ಉಪಯುಕ್ತವಾದ ಸೂಚನೆ ಬೇರೊಂದಿಲ್ಲ. ಮಿತಿಗಳನ್ನೂ ಹೇಳಬೇಕು. ಧನ ಅಯಾನು ದುಂಡಗೆ, ಸಮರೂಪವಾಗಿರುವಾಗ ಈ ನಿಯಮ ಚೆನ್ನಾಗಿ ನಡೆಯುತ್ತದೆ. ಅದು ಚಪ್ಪಟೆಯಾಗಿದ್ದರೆ, ಹೈಡ್ರೋಜನ್ ಬಂಧ ಮಾಡುವಂತಿದ್ದರೆ, ವಿದ್ಯುದಂಶ ಒಂದು ಮೂಲೆಯಲ್ಲಿ ಸೇರಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಹ್ಯಾಲೈಡ್ ಬದಲಾದರೂ ಗಡಿರೇಖೆ ಸರಿಯುತ್ತದೆ. ಬ್ರೋಮೈಡನ್ನು ನೇರ ಕಡ್ಡಿಯಾಗಿಸಿದ ಅದೇ ಟೆಟ್ರಾಬ್ಯೂಟೈಲ್ ಅಮೋನಿಯಂ ಅಯೋಡೈಡಿನ ಜೊತೆ ಮೂರು ನೆರೆಗಳ ಜೋಡಿ ಅಯಾನನ್ನು ಕೊಟ್ಟಿತು. ಬರ್ಲಿನ್ನಿನ ಹಾನ್ಸ್ ಹಾರ್ಟ್ಲ್ ತಂಡ 1994ರಲ್ಲಿ ಇನ್ನೂ ತೀಕ್ಷ್ಣವಾದ ಉದಾಹರಣೆ ಮುಂದಿಟ್ಟಿತು: ಟೆಟ್ರಾಫೀನೈಲ್ ಫಾಸ್ಫೋನಿಯಂನಂಥ ಭಾರಿ ಅಯಾನಿನ ಜೊತೆ ತಾಮ್ರದ ಅಯೋಡೈಡ್ ಚತುರ್ಮುಖಗಳು ಮುಖಕ್ಕೆ ಮುಖ ಸೇರಿ ಸುರುಳಿಯಾಕಾರದ ಸರಪಳಿ ಕಟ್ಟಿದ್ದವು. ದೊಡ್ಡ ಧನ ಅಯಾನಿದ್ದೂ ನಾಲ್ಕು ನೆರೆಗಳು. ಬ್ರೋಮೈಡ್ ಅಥವಾ ಅಯೋಡೈಡ್ ಸಾಲದಿದ್ದಾಗ ತಾಮ್ರ ಎರಡೇ ನೆರೆಗೆ ತೃಪ್ತಿಪಡಬೇಕೆಂದಿಲ್ಲ, ಇರುವ ನೆರೆಗಳನ್ನೇ ಬೇರೆ ತಾಮ್ರಗಳೊಡನೆ ಹಂಚಿಕೊಂಡು ಸರಪಳಿಯಾಗಬಹುದು. ಯಾವಾಗ ತೃಪ್ತಿ, ಯಾವಾಗ ಹಂಚಿಕೆ ಎಂಬುದನ್ನು ಸಾಂದ್ರತೆಯೊಂದೇ ಹೇಳಲಾರದು.

ಎಲೆಕ್ಟ್ರಾನ್ ಪಕ್ಷ

ಇನ್ನೊಂದು ಪಕ್ಷ ಕಾರಣವನ್ನು ತಾಮ್ರದ ಒಳಗೇ ಹುಡುಕುತ್ತದೆ. ಲೆಸ್ಲಿ ಆರ್ಗೆಲ್ 1958ರಲ್ಲಿ ಮುಂದಿಟ್ಟ ವಿವರಣೆ ಇದರ ಮೂಲ. ತಾಮ್ರದಲ್ಲಿ ತುಂಬಿದ ಡಿ ಕಕ್ಷಕಕ್ಕೂ ಅದರ ಮೇಲಿನ ಖಾಲಿ ಎಸ್ ಕಕ್ಷಕಕ್ಕೂ ಶಕ್ತಿಯ ಅಂತರ ಕಡಿಮೆ, ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಆದ್ದರಿಂದ ಅವೆರಡೂ ಬೆರೆಯಬಲ್ಲವು. ಹಾಗೆ ಬೆರೆತರೆ ಒಂದು ಅಕ್ಷದ ಉದ್ದಕ್ಕೆ ಎಲೆಕ್ಟ್ರಾನ್ ದಟ್ಟಣೆ ಸರಿದು ಜಾಗವಾಗುತ್ತದೆ. ಆ ಅಕ್ಷದ ಎರಡು ತುದಿಯಿಂದ ಇಬ್ಬರು ನೆರೆಯವರು ಹತ್ತಿರ ಬಂದು ಗಟ್ಟಿಯಾಗಿ ಕೂರುತ್ತಾರೆ. ಇದೇ ರೀತಿ ಹತ್ತು ಡಿ ಎಲೆಕ್ಟ್ರಾನ್‌ಗಳಿರುವ ದ್ವಿವೇಲೆನ್ಸಿ ಸತುವಿನಲ್ಲಿ ಈ ಅಂತರ 9.7 ಎಲೆಕ್ಟ್ರಾನ್ ವೋಲ್ಟ್‌ನಷ್ಟು ದೊಡ್ಡದು. ಹರಳುಗಳಲ್ಲಿ ಸತು ಎರಡೇ ನೆರೆಗಳ ಹ್ಯಾಲೈಡ್ ಅಯಾನು ಕೊಡದಿರುವುದಕ್ಕೆ ಇಲ್ಲಿ ಕಾರಣವಿದೆ.

ಗೋಥೆನ್‌ಬರ್ಗ್ ನಿಯಮ ಕೇಳದೇ ಬಿಟ್ಟ ಪ್ರಶ್ನೆಗೆ ಇದು ಉತ್ತರ: ತಾಮ್ರಕ್ಕೆ ಎರಡೇ ನೆರೆಗಳಲ್ಲಿ ಬದುಕುವ ಸಾಮರ್ಥ್ಯ ಎಲ್ಲಿಂದ ಬಂತು? ಆದರೆ ಈ ವಾದವೂ ಬೆಳ್ಳಿಯ ಬಳಿ ಮುಗ್ಗರಿಸುತ್ತದೆ. ಬೆಳ್ಳಿಯಲ್ಲಿ ಅದೇ ಅಂತರ 4.9 ಎಲೆಕ್ಟ್ರಾನ್ ವೋಲ್ಟ್, ತಾಮ್ರಕ್ಕಿಂತ ಬಹಳ ಹೆಚ್ಚು. ಆದರೂ ಬೆಳ್ಳಿ ನೇರ ಕಡ್ಡಿಯಂಥ ಸಂಯುಕ್ತಗಳನ್ನು ಧಾರಾಳವಾಗಿ ಕೊಡುತ್ತದೆ. ಅಮೋನಿಯಾದೊಡನೆ ಅದು ಮಾಡುವ ಅಯಾನನ್ನು ಪಿಯುಸಿ ವಿದ್ಯಾರ್ಥಿಗಳೂ ಬಲ್ಲರು. ಚಿನ್ನದ 1.9 ಎಲೆಕ್ಟ್ರಾನ್ ವೋಲ್ಟ್ ಮಾತ್ರ ವಾದಕ್ಕೆ ಸರಿಯಾಗಿ ಹೊಂದುತ್ತದೆ. ಷಿಕಾಗೋದ ಜೇಮ್ಸ್ ಬರ್ಡೆಟ್ ಮತ್ತು ಫ್ರಾನ್ಸಿನ ಓದಿಲ್ ಐಸೆನ್‌ಸ್ಟೈನ್ 1992ರಲ್ಲಿ ತಾಮ್ರ ಮತ್ತು ಬೆಳ್ಳಿ ಮೂರರಿಂದ ನಾಲ್ಕು ನೆರೆಗಳಿಗೆ ಸಾಗುವ ದಾರಿಯನ್ನು ಕಕ್ಷಕಗಳ ಲೆಕ್ಕದಿಂದ ಪರಿಶೀಲಿಸಿದರು. ನಾಲ್ಕನೆಯ ನೆರೆ ಪೂರ್ತಿ ಒಳಗೆ ಬಂದಿಲ್ಲ, ಪೂರ್ತಿ ಹೊರಗೂ ಇಲ್ಲ ಎಂಬಂಥ ನಡುವಿನ ರಚನೆಗಳು ಹರಳುಗಳಲ್ಲಿ ಎಷ್ಟೋ ಸಿಗುತ್ತವೆ. ಅಂಥಲ್ಲಿ ಮೂರು ಎನ್ನಬೇಕೋ ನಾಲ್ಕು ಎನ್ನಬೇಕೋ ಎಂಬುದೇ ವಿವಾದ.

ತಾಮ್ರಕ್ಕೆ ತಾಮ್ರದ ಸೆಳೆತವಿದೆಯೇ?

ಜೋಡಿ ಅಯಾನುಗಳಲ್ಲೂ ಗೊಂಚಲುಗಳಲ್ಲೂ ತಾಮ್ರಗಳು ಒಂದಕ್ಕೊಂದು ಹತ್ತಿರ ಬರುವುದು ಸಾಮಾನ್ಯ. ಲೋಹರೂಪದ ತಾಮ್ರದಲ್ಲಿ ಪರಮಾಣುಗಳ ಅಂತರ 2.56 ಆಂಗ್‌ಸ್ಟ್ರಾಮ್. ಬಂಧವಿಲ್ಲದ ಎರಡು ತಾಮ್ರಗಳ ನಡುವೆ 2.8ರಷ್ಟಾದರೂ ಇರಬೇಕೆಂಬುದು ವಾಡಿಕೆಯ ಲೆಕ್ಕ. ಅನೇಕ ಹ್ಯಾಲೈಡ್ ಗೊಂಚಲುಗಳಲ್ಲಿ ಅಂತರ ಇವೆರಡರ ನಡುವೆ ಬರುತ್ತದೆ. ಎರಡೂ ಧನ ವಿದ್ಯುದಂಶದವು, ಎರಡರ ಡಿ ಕಕ್ಷಕಗಳೂ ಭರ್ತಿ. ಅವು ಒಂದನ್ನೊಂದು ದೂರ ತಳ್ಳಬೇಕಿತ್ತು.

ಪ್ರದೀಪ್ ಮೆಹ್ರೋತ್ರಾ ಮತ್ತು ರೋಆಲ್ಡ್ ಹಾಫ್‌ಮನ್ 1978ರಲ್ಲಿ, ಡಿ ಕಕ್ಷಕಗಳೊಡನೆ ಎಸ್, ಪಿ ಕಕ್ಷಕಗಳು ಬೆರೆಯುವುದರಿಂದ ದುರ್ಬಲ ಸೆಳೆತ ಸಾಧ್ಯವೆಂದು ತೋರಿಸಿದರು. ಆಲ್ಬರ್ಟ್ ಕಾಟನ್ ತಂಡ ಹತ್ತು ವರ್ಷದ ನಂತರ, ಸಾರಜನಕದ ಸೇತುವೆಯಿರುವ ಒಂದು ಜೋಡಿ ತಾಮ್ರದ ಸಂಯುಕ್ತದಲ್ಲಿ ತಾಮ್ರಗಳು ಹತ್ತಿರವಿದ್ದರೂ ನೇರ ಬಂಧವಿಲ್ಲ, ಸೇತುವೆಯ ಅಳತೆಯೇ ಅವನ್ನು ಹತ್ತಿರ ಹಿಡಿದಿದೆ ಎಂದು ವಾದಿಸಿತು. ಲೋಹ–ಲೋಹ ಬಂಧಗಳ ಸಂಶೋಧನೆಗೆ ಜೀವನವನ್ನೇ ಕೊಟ್ಟವರಿಂದ ಬಂದ ಈ ಮಾತಿಗೆ ತೂಕವಿತ್ತು. ಹೆಲ್ಸಿಂಕಿಯ ಪೆಕ್ಕ ಪ್ಯುಕ್ಕೋ 1997ರ ಸಮೀಕ್ಷೆಯಲ್ಲಿ ತುಂಬಿದ ಕಕ್ಷಕಗಳ ನಡುವಿನ ಸೆಳೆತಗಳನ್ನು ಒಟ್ಟಾಗಿ ಚರ್ಚಿಸಿದರು. ಚಿನ್ನದಲ್ಲಿ ಇದು ಸ್ಪಷ್ಟ. ತಾಮ್ರದಲ್ಲಿ ಸೆಳೆತ ಇದ್ದರೂ ದುರ್ಬಲ, ಸೇತುವೆಯ ಪ್ರಭಾವದಿಂದ ಅದನ್ನು ಬೇರ್ಪಡಿಸಿ ಅಳೆಯುವುದು ಕಷ್ಟ. ಬ್ರೋಮೈಡಿನ ಮಟ್ಟಿಗೆ ನಾನು ಕಾಟನ್ ಕಡೆಗೇ ವಾಲುತ್ತೇನೆ. ಒಂದೇ ಬಗೆಯ ಜೋಡಿ ಅಯಾನಿನಲ್ಲೇ ಧನ ಅಯಾನು ಬದಲಾದರೆ ತಾಮ್ರಗಳ ಅಂತರ ಗಣನೀಯವಾಗಿ ಏರಿಳಿಯುತ್ತದೆ. ಗಟ್ಟಿ ಬಂಧವಿದ್ದಲ್ಲಿ ಅಷ್ಟು ಸಡಿಲ ಇರಬಾರದು.

ಹರಳಿನ ಒತ್ತೊತ್ತು ಜೋಡಣೆ

ನಾಲ್ಕನೆಯ ಪಕ್ಷದ ಮಾತು ಚಿಕ್ಕದು: ತಾಮ್ರವನ್ನಷ್ಟೇ ನೋಡಬೇಡಿ, ಇಡೀ ಹರಳನ್ನು ನೋಡಿ. ಅಣುಗಳು ಖಾಲಿ ಜಾಗ ಬಿಡದೆ ಜೋಡಿಸಿಕೊಳ್ಳುವ ಭರದಲ್ಲಿ ತಾಮ್ರದ ನೆರೆಗಳ ಸಂಖ್ಯೆ ತಾನಾಗಿ ನಿಗದಿಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಗೌತಮ್ ದೇಸಿರಾಜು 1989ರ ತಮ್ಮ ಪುಸ್ತಕದಿಂದ ಗಟ್ಟಿಗೊಳಿಸಿದ ಹರಳು ಎಂಜಿನಿಯರಿಂಗ್ ಕ್ಷೇತ್ರ ಸಾವಯವ ಹರಳುಗಳಲ್ಲಿ ಇಂಥ ದುರ್ಬಲ ಬಲಗಳ ಲೆಕ್ಕವನ್ನು ಶಿಸ್ತಿಗೆ ತಂದಿತು. ಈ ಪಕ್ಷ ಎಲ್ಲವನ್ನೂ ಆದಮೇಲೆ ವಿವರಿಸುತ್ತದೆ, ಆಗುವ ಮೊದಲು ಹೇಳುವುದು ಕಡಿಮೆ. ಗೋಥೆನ್‌ಬರ್ಗ್ ನಿಯಮ ಸೋಲುವ ಕಡೆಗಳಲ್ಲಿ ಮಾತ್ರ ಇದರ ನೆರವು ಅನಿವಾರ್ಯ.

ಈ ಪ್ರಶ್ನೆಯಿಂದ ಏನು ಪ್ರಯೋಜನ?

ಸ್ವಿಸ್ ರಸಾಯನಶಾಸ್ತ್ರಜ್ಞ ಸಾಂಡ್‌ಮೈಯರ್ ಹೆಸರಿನ, 1884ರ ಕ್ರಿಯೆಯಿಂದ ಹಿಡಿದು ಇಂದಿನವರೆಗೆ ಕ್ಯುಪ್ರಸ್ ಬ್ರೋಮೈಡ್ ಸಾವಯವ ರಸಾಯನದ ದುಡಿಯುವ ಕೈ. ಹರ್ಬರ್ಟ್ ಹೌಸ್ ತಂಡ 1975ರಲ್ಲಿ ಅದನ್ನು ಡೈಮೀಥೈಲ್ ಸಲ್ಫೈಡಿನ ಜೊತೆ ಸೇರಿಸಿ, ಶುದ್ಧವಾಗಿ ತೂಗಿ ಬಳಸಬಲ್ಲ ಹರಳಾಗಿಸಿತು. ಗಂಧಕ ನೆರೆಯಾಗಿ ಬಂದು ತಾಮ್ರವನ್ನು ದ್ರಾವಣಕ್ಕೆ ಇಳಿಸುತ್ತದೆ. ನೆರೆಗಳ ಲೆಕ್ಕ ಇಲ್ಲಿಯೂ ಕೆಲಸ ಮಾಡುತ್ತಿದೆ.

ಚಾಲ್ಮರ್ಸ್‌ನಲ್ಲೇ ಸಾವಯವ ವಿಭಾಗದ ಮಾರ್ಟಿನ್ ನಿಲ್ಸನ್ 1966ರಲ್ಲಿ ತಾಮ್ರದ ನೆರವಿನಿಂದ ಸಾವಯವ ಆಮ್ಲದ ಇಂಗಾಲದ ಡೈಆಕ್ಸೈಡನ್ನು ಕಳಚಿ ಎರಡು ಬೆನ್ಜೀನ್ ಉಂಗುರಗಳನ್ನು ಜೋಡಿಸುವ ದಾರಿ ತೋರಿಸಿದರು. ನಲವತ್ತು ವರ್ಷಗಳ ನಂತರ, 2006ರಲ್ಲಿ, ಜರ್ಮನಿಯ ಲುಕಾಸ್ ಗೂಸನ್ ತಂಡ ಅದೇ ವಿಚಾರವನ್ನು ಪಲ್ಲೇಡಿಯಂ ಜೊತೆಗೂಡಿಸಿ ಮತ್ತೆ ಚಲಾವಣೆಗೆ ತಂದಿತು. ನಿಲ್ಸನ್ ಜೊತೆಗಿದ್ದ ಕ್ರಿಸ್ಟಿನಾ ಉಲ್ಲೇನಿಯಸ್ ತಂಡ 1980ರ ದಶಕದ ಮಧ್ಯಭಾಗದಲ್ಲಿ, ಸಾವಯವ ತಾಮ್ರ ಸಂಯುಕ್ತ ತನ್ನ ಕ್ರಿಯೆಗೆ ಮುಂಚೆ ಜೋಡಿಬಂಧಕ್ಕೆ ಅಂಟಿಕೊಂಡು ನಿಲ್ಲುವ ಕ್ಷಣವನ್ನು ತಣ್ಣನೆಯ ದ್ರಾವಣದಲ್ಲಿ ಅಣುಕಾಂತ ಅನುರಣನ ವಿಧಾನದಿಂದ ಹಿಡಿಯಿತು. ಯಾಗ್ನರ್ ಜೊತೆ ದುಡಿದ ಮಿಕಾಯೆಲ್ ಹೋಕನ್‌ಸನ್ ಅವರು ಕಾರ್ಬನ್ ಮಾನಾಕ್ಸೈಡ್ ಅಂಟಿದ ಕ್ಯುಪ್ರಸ್ ಕ್ಲೋರೈಡಿನ ರಚನೆಯನ್ನು 1990ರಲ್ಲಿ ಬಿಡಿಸಿದರು; 1997ರಲ್ಲಿ ಮೆಸಿಟೈಲ್ ತಾಮ್ರ ಒಮ್ಮೆ ನಾಲ್ಕು, ಒಮ್ಮೆ ಐದು ತಾಮ್ರಗಳ ಉಂಗುರವಾಗಿ ಹರಳಾಗುವುದನ್ನು ತೋರಿಸಿದರು. ಒಂದೇ ಊರಿನ ಎರಡು ವಿಭಾಗಗಳು, ಒಂದು ಹರಳಿನಲ್ಲಿ, ಇನ್ನೊಂದು ಫ್ಲಾಸ್ಕಿನಲ್ಲಿ, ಅದೇ ತಾಮ್ರದ ನೆರೆಗಳನ್ನು ಎಣಿಸುತ್ತಿದ್ದವು.

ಇತ್ತೀಚಿನ ಆಸಕ್ತಿ ಬೆಳಕಿನದು. ಟೋಕಿಯೊದ ಹಿದಿಯೋ ಹೊಸೋನೋ ತಂಡ 2018ರಲ್ಲಿ ಸೀಸಿಯಂ ತಾಮ್ರದ ಅಯೋಡೈಡೊಂದು ಪ್ರಖರ ನೀಲಿ ಬೆಳಕು ಸೂಸುವುದನ್ನು ವರದಿ ಮಾಡಿತು. ವಿಷಕಾರಿ ಸೀಸದ ಹ್ಯಾಲೈಡುಗಳಿಗೆ ಇದು ಬದಲಿಯಾಗಬಹುದೆಂಬ ಆಸೆಯಿಂದ ಬ್ರೋಮೈಡುಗಳನ್ನೂ ಸೇರಿಸಿ ಈ ಕುಟುಂಬದ ಹಿಂದೆ ಅನೇಕ ಪ್ರಯೋಗಶಾಲೆಗಳು ಬಿದ್ದಿವೆ. ಆ ಅಯೋಡೈಡಿನ ಜೋಡಿ ಅಯಾನಿನಲ್ಲಿ ಒಂದು ತಾಮ್ರಕ್ಕೆ ಮೂರು ನೆರೆ, ಇನ್ನೊಂದಕ್ಕೆ ನಾಲ್ಕು. ಬೆಳಕು ತಾಗಿದಾಗ ತಾಮ್ರದ ಸುತ್ತಲಿನ ಆಕಾರ ಸೊಟ್ಟಾಗಿ, ಆ ಶಕ್ತಿ ಅಲ್ಲೇ ಸಿಕ್ಕಿಹಾಕಿಕೊಂಡು ಬೇರೆ ಬಣ್ಣವಾಗಿ ಹೊರಬರುತ್ತದೆ. ಅಂದಮೇಲೆ ನೆರೆಗಳ ಸಂಖ್ಯೆಯನ್ನು ನಿಯಂತ್ರಿಸಿದವರು ಬಣ್ಣವನ್ನು ನಿಯಂತ್ರಿಸುತ್ತಾರೆ.

ತೀರ್ಮಾನವಾಗದೆ ಉಳಿದದ್ದು

ಗೋಥೆನ್‌ಬರ್ಗ್‌ನ ಸಾಂದ್ರತೆಯ ನಿಯಮವನ್ನು ನಾನು ಈ ನಾಲ್ಕರಲ್ಲಿ ಮೊದಲಿಗಿಡುತ್ತೇನೆ. ಪ್ರಯೋಗದಿಂದ ಹುಟ್ಟಿ ಪ್ರಯೋಗಕ್ಕೆ ಮರಳುವ ಮಾತು ಅದೊಂದೇ. ಆದರೆ ಅದು ನಿಯಮ, ಕಾರಣವಲ್ಲ. ದೊಡ್ಡ ಧನ ಅಯಾನು ನೆರೆಗಳನ್ನು ಇಳಿಸುವುದು ಹರಳು ಹುಟ್ಟುವ ಕ್ಷಣದಲ್ಲೋ, ಅದಕ್ಕೂ ಮೊದಲು ದ್ರಾವಣದಲ್ಲಿದ್ದ ಅಯಾನೇ ಹಾಗೆ ಹರಳಾಗುತ್ತದೋ ಎಂಬುದು ಸ್ಪಷ್ಟವಿಲ್ಲ. ಒಂದೇ ದ್ರಾವಣದಲ್ಲಿ ಎರಡು, ಮೂರು ನೆರೆಗಳ ಅಯಾನುಗಳು ಒಟ್ಟಿಗಿದ್ದು, ಕಡಿಮೆ ಕರಗುವುದು ಮೊದಲು ಹರಳಾಗಿಬಿಟ್ಟರೆ ನಾವು ನೋಡುತ್ತಿರುವುದು ತಾಮ್ರದ ಆಯ್ಕೆಯಲ್ಲ, ಕರಗುವಿಕೆಯ ಆಯ್ಕೆ. ನೆರೆ ಸಾಲದಾಗ ತಾಮ್ರ ಯಾವಾಗ ಎರಡಕ್ಕೆ ನಿಲ್ಲುತ್ತದೆ, ಯಾವಾಗ ಸರಪಳಿ ಕಟ್ಟುತ್ತದೆ ಎಂಬುದಕ್ಕೆ ನಂಬಬಹುದಾದ ಸೂತ್ರವಿಲ್ಲ. ಬೆಳ್ಳಿಯ ವಿಷಯದಲ್ಲಿ ಎಲೆಕ್ಟ್ರಾನ್ ವಾದ ಸಮಾಧಾನ ಕೊಡುವುದಿಲ್ಲ. ತಾಮ್ರ–ತಾಮ್ರ ಸೆಳೆತ ಬ್ರೋಮೈಡುಗಳಲ್ಲಿ ಆಕಾರವನ್ನು ಬದಲಿಸುವಷ್ಟು ಬಲವಾದದ್ದೇ ಎಂಬುದು ಅಂತರಗಳನ್ನು ಅಳೆದ ಮಾತ್ರಕ್ಕೆ ಬಗೆಹರಿಯುವಂಥದ್ದಲ್ಲ. ಎಲೆಕ್ಟ್ರಾನ್ ಸಾಂದ್ರತೆಯನ್ನೇ ನೇರವಾಗಿ ಅಳೆಯುವ ಪ್ರಯೋಗಗಳು ಬ್ರೋಮೈಡುಗಳ ಮೇಲೆ ಇನ್ನಷ್ಟು ನಡೆಯಬೇಕು. ಇವು ತೀರ್ಮಾನವಾಗುವ ತನಕ, ಹೊಸ ಧನ ಅಯಾನೊಂದನ್ನು ಕ್ಯುಪ್ರಸ್ ಬ್ರೋಮೈಡಿನ ಜೊತೆ ಕರಗಿಸಿದವರು ತಾಮ್ರಕ್ಕೆ ಎಷ್ಟು ನೆರೆ ಸಿಕ್ಕಿತೆಂದು ತಿಳಿಯಬೇಕಾದರೆ ಹರಳು ಬೆಳೆಸಿ, ಕ್ಷ-ಕಿರಣಕ್ಕೆ ಒಡ್ಡಿಯೇ ನೋಡಬೇಕು.